ಮನೆಯ ವಿದ್ಯುತ್ ಉಪಕರಣಗಳಿಗೆ ಸರ್ಜ್ ರಕ್ಷಣೆ

ವಿದ್ಯುತ್ ತಂತಿಯಲ್ಲಿ ವೋಲ್ಟೇಜ್ ಇದ್ದಕ್ಕಿದ್ದಂತೆ ಮಿತಿಮೀರಿ ಏರಿದಾಗ ಫ್ರಿಜ್, ಟಿ.ವಿ., ವಾಷಿಂಗ್ ಮಷೀನ್, ಕಂಪ್ಯೂಟರ್, ಪಂಪುಗಳು ಸುಟ್ಟುಹೋಗದಂತೆ ಮಾಡುವ ಏರ್ಪಾಡನ್ನು ಸರ್ಜ್ ರಕ್ಷಣೆ ಎನ್ನುತ್ತಾರೆ. ಭಾರತದ ಮನೆಗಳಿಗೆ ಬರುವುದು 230 ವೋಲ್ಟ್, 50 ಹರ್ಟ್ಸ್‌ನ ವಿದ್ಯುತ್ತು. ಈ ಮಟ್ಟದಿಂದ ಶೇ. 6ಕ್ಕಿಂತ ಹೆಚ್ಚು ಏರಿಳಿತ ಆಗಬಾರದೆಂದು 1956ರ ಭಾರತೀಯ ವಿದ್ಯುತ್ ನಿಯಮಗಳು ಹೇಳಿದ್ದವು. ಅಂದರೆ ಸುಮಾರು 216ರಿಂದ 244 ವೋಲ್ಟ್.

ಈ ಗೆರೆ ದಾಟುವ ಏರಿಕೆಯಲ್ಲಿ ಎರಡು ಬಗೆ. ಒಂದು, ಸಾವಿರಾರು ವೋಲ್ಟಿಗೆ ನೆಗೆದು ಸೆಕೆಂಡಿನ ಹತ್ತು ಸಾವಿರದಲ್ಲೊಂದು ಪಾಲು ಕಳೆಯುವುದರೊಳಗೆ ಇಳಿದುಹೋಗುವ ಹೊಡೆತ. ಸರಿಯಾದ ಅರ್ಥದಲ್ಲಿ ಸರ್ಜ್ ಎಂದರೆ ಇದು. ಇನ್ನೊಂದು, 300–400 ವೋಲ್ಟಿನ ಆಸುಪಾಸಿಗೆ ಏರಿ ಸೆಕೆಂಡುಗಳಿಂದ ಹಿಡಿದು ಗಂಟೆಗಳವರೆಗೂ ಅಲ್ಲೇ ನಿಲ್ಲುವ ಅತಿವೋಲ್ಟೇಜ್. ಮೊದಲನೆಯದನ್ನು ತಡೆಯಲು ಹಾಕಿದ ಸಾಧನ ಎರಡನೆಯದರ ಮುಂದೆ ತಾನೇ ಸುಟ್ಟುಹೋಗುತ್ತದೆ. ಎರಡನೆಯದನ್ನು ತಡೆಯುವ ಸಾಧನ ಎಚ್ಚೆತ್ತುಕೊಳ್ಳುವಷ್ಟರಲ್ಲಿ ಮೊದಲನೆಯದು ಬಂದು ಕೆಲಸ ಮುಗಿಸಿರುತ್ತದೆ. ಎಷ್ಟು ವೋಲ್ಟ್ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದನ್ನು ಮೊದಲು ಕೇಳಬೇಕು. ಅಂಗಡಿಯಲ್ಲಿ ಯಾವ ಪೆಟ್ಟಿಗೆ ಕೊಳ್ಳಬೇಕೆಂಬುದು ಆ ಉತ್ತರವನ್ನೇ ಅವಲಂಬಿಸಿದೆ.

1905ರಲ್ಲಿ ಶಿವನಸಮುದ್ರದ ವಿದ್ಯುತ್ತಿನಿಂದ ಬೆಂಗಳೂರಿನ ಬೀದಿಗಳಲ್ಲಿ ದೀಪ ಉರಿದ ಕಾಲಕ್ಕೆ ಇದು ಮನೆಮನೆಯ ಚಿಂತೆಯಾಗಿರಲಿಲ್ಲ. ತಂತಿಬಲ್ಬು, ಇಸ್ತ್ರಿಪೆಟ್ಟಿಗೆ, ತಾಮ್ರದ ಸುರುಳಿಯ ಫ್ಯಾನು ಕ್ಷಣದ ಹೊಡೆತಗಳನ್ನು ಬಹುಮಟ್ಟಿಗೆ ತಾಳಿಕೊಳ್ಳುತ್ತಿದ್ದವು. ಇಂದು ಎಲ್‌ಇಡಿ ಬಲ್ಬಿನ ಹೊಟ್ಟೆಯಲ್ಲೂ ಸಣ್ಣ ಸರ್ಕ್ಯೂಟ್ ಇದೆ. ಇನ್ವರ್ಟರ್ ಫ್ರಿಜ್, ಬಿಎಲ್‌ಡಿಸಿ ಫ್ಯಾನ್, ಇಂಡಕ್ಷನ್ ಒಲೆ ಎಲ್ಲವೂ ಮೊದಲು ಒಳಬರುವ ಎಸಿಯನ್ನು ಡಿಸಿಯಾಗಿ ಮಾಡಿಕೊಳ್ಳುತ್ತವೆ. 230 ವೋಲ್ಟಿನ ಅಲೆಯ ತುದಿ 325 ವೋಲ್ಟ್. ಇಂಥ ಉಪಕರಣಗಳ ಸರ್ಕ್ಯೂಟ್ ಬೋರ್ಡಿನಲ್ಲಿರುವ ಕೆಪ್ಯಾಸಿಟರ್ ಸಾಮಾನ್ಯವಾಗಿ 400 ಅಥವಾ 450 ವೋಲ್ಟಿನದು. ಉಳಿದಿರುವ ಅಂತರ ಅಷ್ಟೇ. ಸುಟ್ಟ ಬೋರ್ಡನ್ನು ಬಿಚ್ಚಿದಾಗ ತಲೆ ಉಬ್ಬಿ ಒಡೆದ ಕೆಪ್ಯಾಸಿಟರ್ ಕಂಡರೆ ವೋಲ್ಟೇಜ್ ಏರಿ ನಿಂತಿತ್ತೆಂದು ಊಹಿಸಬಹುದು. ಬೋರ್ಡಿನ ತಾಮ್ರದ ಗೆರೆಯೇ ಹಾರಿಹೋಗಿ ಕಪ್ಪು ಮಸಿ ಹರಡಿದ್ದರೆ ಸಿಡಿಲಿನ ಅನುಮಾನ ಬಲವಾಗುತ್ತದೆ.

ಸಿಡಿಲಿನ ದಾರಿಗಳು

ಕರ್ನಾಟಕದಲ್ಲಿ ಸಿಡಿಲಿನ ಹಾವಳಿ ಹೆಚ್ಚು ಕಾಣುವುದು ಮುಂಗಾರಿಗೆ ಮುಂಚಿನ ಏಪ್ರಿಲ್–ಮೇ ತಿಂಗಳುಗಳಲ್ಲಿ, ಮತ್ತೆ ಹಿಂಗಾರಿನ ಆರಂಭದಲ್ಲಿ. ಆಷಾಢದ ಜಡಿಮಳೆಗಿಂತ ಬೇಸಗೆಯ ಸಂಜೆಯ ಗುಡುಗುಮಳೆಯೇ ಉಪಕರಣಗಳಿಗೆ ದೊಡ್ಡ ಶತ್ರು. ಒಂದು ಸಿಡಿಲಿನಲ್ಲಿ ಹರಿಯುವ ಕರೆಂಟಿನ ತುದಿಮಟ್ಟ ಸಾಧಾರಣವಾಗಿ 30,000 ಆಂಪಿಯರ್ ಆಸುಪಾಸಿನದು. ಅದು ಮನೆಯ ಮೇಲೇ ಬೀಳಬೇಕೆಂದಿಲ್ಲ. ಹತ್ತಿರದ ತೆಂಗಿನ ಮರಕ್ಕೆ ಬಡಿದರೂ ಆ ಕರೆಂಟಿನ ಸುತ್ತ ಏಳುವ ಕಾಂತಕ್ಷೇತ್ರ ಪಕ್ಕದ ತಂತಿಗಳಲ್ಲಿ ಸಾವಿರಾರು ವೋಲ್ಟ್ ಹುಟ್ಟಿಸುತ್ತದೆ. ಮಲೆನಾಡು, ಕರಾವಳಿಯ ಒಂಟಿಮನೆಗಳಿಗೆ ತೋಟ, ಗುಡ್ಡ ದಾಟಿ ಕಂಬದಿಂದ ಕಂಬಕ್ಕೆ ಬರುವ ತೆರೆದ ತಂತಿ ಇಂಥ ಹೊಡೆತವನ್ನು ಬಹುದೂರದಿಂದ ಹೊತ್ತು ತರುತ್ತದೆ. 11 ಕೆ.ವಿ. ಲೈನಿಗೂ ಟ್ರಾನ್ಸ್‌ಫಾರ್ಮರಿಗೂ ಸಿಡಿಲು ತಡೆಯುವ ಅರೆಸ್ಟರ್ ಕಟ್ಟಿರುತ್ತಾರೆ, ಆದರೆ ಅದು ಕಾಯುವುದು ಟ್ರಾನ್ಸ್‌ಫಾರ್ಮರನ್ನು. ಅದರಾಚೆಗಿನ ತಂತಿಯಲ್ಲಿ ಹುಟ್ಟುವ ಹೊಡೆತಕ್ಕೂ ಅದಕ್ಕೂ ಸಂಬಂಧವಿಲ್ಲ.

ನೆಲವೂ ಒಂದು ದಾರಿ. ಸಿಡಿಲು ಇಳಿದ ಜಾಗದ ಮಣ್ಣಿನ ವೋಲ್ಟೇಜ್ ಕ್ಷಣಕಾಲ ಏರಿ, ಅರ್ಥಿಂಗ್ ತಂತಿಯ ಮೂಲಕ ಹಿಮ್ಮುಖವಾಗಿ ಮನೆಯೊಳಕ್ಕೆ ಬರುತ್ತದೆ. ತೋಟದ ಕೊಳವೆಬಾವಿಯ ಕೇಬಲ್, ಚಾವಣಿಯ ಮೇಲಿನ ಡಿಟಿಎಚ್ ಬುಟ್ಟಿ, ಬೀದಿಯಿಂದ ಬರುವ ಕೇಬಲ್ ಟಿ.ವಿ. ತಂತಿ, ಹಳೆಯ ತಾಮ್ರದ ದೂರವಾಣಿ ತಂತಿ ಇವೆಲ್ಲ ಪ್ರತ್ಯೇಕ ಬಾಗಿಲುಗಳು. ಟಿ.ವಿ.ಯ ಪ್ಲಗ್ ಕಿತ್ತು ಡಿಟಿಎಚ್ ಕೇಬಲನ್ನು ಹಾಗೇ ಬಿಟ್ಟರೆ ಟಿ.ವಿ. ಉಳಿಯುತ್ತದೆಂಬ ಭರವಸೆ ಇಲ್ಲ. ಬ್ರಾಡ್‌ಬ್ಯಾಂಡ್ ಫೈಬರಿಗೆ ಬದಲಾದ ಮೇಲೆ ಒಂದು ಬಾಗಿಲು ಮುಚ್ಚಿದೆ, ಏಕೆಂದರೆ ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ. ಆದರೆ ಕಂಬದಿಂದ ಕಂಬಕ್ಕೆ ಎಳೆದ ಫೈಬರ್ ಕೇಬಲಿನಲ್ಲಿ ಭಾರ ಹೊರಲು ಉಕ್ಕಿನ ತಂತಿ ಇದ್ದರೆ ಅದನ್ನು ಮನೆಯ ಹೊರಗೇ ಕತ್ತರಿಸಿ ನಿಲ್ಲಿಸಬೇಕು.

ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ಸಿಡಿಲು’ ಆ್ಯಪ್ ಹಾಗೂ ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ‘ದಾಮಿನಿ’ ಆ್ಯಪ್ ಮೊಬೈಲಿನಲ್ಲೇ ಮುನ್ನೆಚ್ಚರಿಕೆ ಕೊಡುತ್ತವೆ. ಆ್ಯಪ್ ಇಲ್ಲದಿದ್ದರೂ ಲೆಕ್ಕ ಕಷ್ಟವಲ್ಲ. ಮಿಂಚು ಕಂಡು ಗುಡುಗು ಕೇಳುವ ನಡುವೆ 3 ಸೆಕೆಂಡಾದರೆ ಸಿಡಿಲು ಸುಮಾರು ಒಂದು ಕಿಲೋಮೀಟರ್ ದೂರ. 30 ಸೆಕೆಂಡಿಗಿಂತ ಕಡಿಮೆಯಾದರೆ ಅಪಾಯದ ವಲಯದೊಳಗೆ ಇದ್ದೇವೆಂದು ಅರ್ಥ. ಪ್ಲಗ್ಗುಗಳನ್ನೂ ಕೇಬಲ್ಲುಗಳನ್ನೂ ಕಿತ್ತಿಡುವಷ್ಟು ಪೂರ್ಣ ರಕ್ಷಣೆ ಯಾವ ಸಾಧನವೂ ಕೊಡುವುದಿಲ್ಲ. ಸ್ವಿಚ್ ಆರಿಸಿದರೆ ಸಾಲದು, ಏಕೆಂದರೆ ಸ್ವಿಚ್ಚಿನೊಳಗಿನ ಕೆಲವೇ ಮಿಲಿಮೀಟರ್ ಅಂತರವನ್ನು ಸಿಡಿಲಿನ ವೋಲ್ಟೇಜ್ ಹಾರಿ ದಾಟಬಲ್ಲದು. ಆದರೆ ಕಿತ್ತಿಡುವ ಕೆಲಸ ಮೋಡ ಕಟ್ಟುವಾಗಲೇ ಆಗಬೇಕು. ತಲೆಯ ಮೇಲೆ ಗುಡುಗುತ್ತಿರುವಾಗ ಪ್ಲಗ್ಗಿಗೆ ಕೈಹಾಕುವುದು ಪ್ರಾಣಕ್ಕೇ ಅಪಾಯ. ಟಿ.ವಿ. ಹೋದರೆ ಹೋಗಲಿ.

ನ್ಯೂಟ್ರಲ್ ಕಡಿದಾಗ

ಸಿಡಿಲಿಗೆ ಸಿಗುವ ಗಮನದ ಅರ್ಧದಷ್ಟೂ ನ್ಯೂಟ್ರಲ್ ತಂತಿಗೆ ಸಿಗುವುದಿಲ್ಲ. ಒಂದೇ ಬೀದಿಯ ಹತ್ತಾರು ಮನೆಗಳಲ್ಲಿ ಒಂದೇ ಹೊತ್ತಿಗೆ ಫ್ರಿಜ್ಜು, ಟಿ.ವಿ. ಸುಟ್ಟ ಸುದ್ದಿ ಬಂದು, ಅಂದು ಮಳೆ–ಗುಡುಗು ಏನೂ ಇರಲಿಲ್ಲವಾದರೆ ಮೊದಲು ನೋಡಬೇಕಾದದ್ದು ನ್ಯೂಟ್ರಲನ್ನು.

ಟ್ರಾನ್ಸ್‌ಫಾರ್ಮರಿನಿಂದ ಹೊರಡುವುದು ಮೂರು ಫೇಸ್, ಒಂದು ನ್ಯೂಟ್ರಲ್. ಯಾವುದೇ ಫೇಸಿಗೂ ನ್ಯೂಟ್ರಲಿಗೂ ನಡುವೆ 230 ವೋಲ್ಟ್. ಒಂದು ಫೇಸಿಗೂ ಇನ್ನೊಂದು ಫೇಸಿಗೂ ನಡುವೆ 400. ಬೀದಿಯ ಮನೆಗಳನ್ನು ಮೂರು ಫೇಸಿಗೆ ಹಂಚಿರುತ್ತಾರೆ, ನ್ಯೂಟ್ರಲ್ ಎಲ್ಲರಿಗೂ ಒಂದೇ. ಆ ನ್ಯೂಟ್ರಲ್ ಕಂಬದ ಮೇಲೆ ಕಡಿದುಹೋಯಿತೆನ್ನಿ. ಕರೆಂಟು ಹೋಗುವುದಿಲ್ಲ; ಒಂದು ಫೇಸಿನ ಮನೆಯಿಂದ ಹೊರಟು, ಕಡಿದ ತುಂಡಿನ ಮೂಲಕ ಇನ್ನೊಂದು ಫೇಸಿನ ಮನೆಯನ್ನು ಹಾದು ಮರಳುತ್ತದೆ. ಎರಡೂ ಮನೆಗಳು 400 ವೋಲ್ಟಿನ ನಡುವೆ ಸಾಲಾಗಿ ಸಿಕ್ಕಿಕೊಂಡಂತಾಯಿತು. ಒಂದು ಮನೆಯಲ್ಲಿ 2,000 ವಾಟಿನ ಗೀಸರ್ ಓಡುತ್ತಿದೆ, ಇನ್ನೊಂದರಲ್ಲಿ ಟಿ.ವಿ., ಫ್ಯಾನು ಸೇರಿ 200 ವಾಟ್. ಇವನ್ನು ಬರಿಯ ರೋಧಕಗಳೆಂದು ತೆಗೆದುಕೊಂಡು ಲೆಕ್ಕ ಹಾಕಿದರೆ ಗೀಸರ್ ಮನೆಗೆ ಸಿಗುವುದು 36 ವೋಲ್ಟ್, ಟಿ.ವಿ. ಮನೆಗೆ 364. ಅಲ್ಲಿ ಅಲೆಯ ತುದಿ 515 ವೋಲ್ಟ್ ಮುಟ್ಟುತ್ತದೆ. 400 ವೋಲ್ಟಿನ ಕೆಪ್ಯಾಸಿಟರಿಗೆ ಅಷ್ಟು ಸಾಕು. ಕಡಿಮೆ ಬಳಸುವ ಮನೆಗೇ ಹೆಚ್ಚು ಪೆಟ್ಟು. ನ್ಯೂಟ್ರಲ್ ಸರಿಹೋಗುವವರೆಗೂ ಅದು ನಿಲ್ಲುವುದಿಲ್ಲ.

ಕಡಿಯುವ ಕಾರಣಗಳು ಸಾಮಾನ್ಯವೇ. ಗಾಳಿಗೆ ಬಿದ್ದ ಕೊಂಬೆ, ಸಡಿಲವಾದ ಜಂಪರ್, ಟ್ರಾನ್ಸ್‌ಫಾರ್ಮರಿನ ಬಳಿ ಕಾದು ಬೆಂದ ಬೋಲ್ಟ್, ಅಲ್ಯೂಮಿನಿಯಮಿಗೆ ತಾಮ್ರವನ್ನು ನೇರವಾಗಿ ಸುತ್ತಿದ ಕಡೆ ಮಳೆನೀರಿನಿಂದ ಸವೆದ ಜೋಡಣೆ. ಅಪಾರ್ಟ್‌ಮೆಂಟುಗಳಲ್ಲಿ ಇದೇ ದೋಷ ಕೆಳಮಹಡಿಯ ಪ್ಯಾನೆಲ್ ಬೋರ್ಡಿನಲ್ಲಿ ಹುಟ್ಟುತ್ತದೆ. ಅಲ್ಲಿನ ನ್ಯೂಟ್ರಲ್ ಲಿಂಕಿನ ಒಂದು ಸ್ಕ್ರೂ ಸಡಿಲವಾದರೆ ಇಡೀ ಕಟ್ಟಡಕ್ಕೆ ಅಪಾಯ. ಆ ಸ್ಕ್ರೂಗಳನ್ನು ವರ್ಷಕ್ಕೊಮ್ಮೆ ಕರೆಂಟ್ ತೆಗೆದು ಬಿಗಿಮಾಡಿಸುವುದು ಮಾಲೀಕರ ಸಂಘದ ಕರ್ತವ್ಯಗಳ ಪಟ್ಟಿಯಲ್ಲಿ ಲಿಫ್ಟ್ ದುರಸ್ತಿಯಷ್ಟೇ ಮೇಲೆ ಇರಬೇಕು. ಹಳೆಯ ಮನೆಗಳ ಮೀಟರ್ ಬೋರ್ಡಿನಲ್ಲಿ ಫೇಸಿಗೊಂದು, ನ್ಯೂಟ್ರಲಿಗೊಂದು ಎಂದು ಎರಡು ಫ್ಯೂಸ್ ಹಾಕುವ ರೂಢಿ ಇತ್ತು. ಮೂರು ಫೇಸಿನ ಮನೆಯಲ್ಲಿ ನ್ಯೂಟ್ರಲ್ ಫ್ಯೂಸ್ ಮಾತ್ರ ಹೋದರೆ ಮನೆಯೊಳಗೇ ಈ ಅನಾಹುತ ಆಗುತ್ತದೆ. ಅಲ್ಲಿ ಗಟ್ಟಿ ಲಿಂಕ್ ಇರಬೇಕು, ಇಲ್ಲವೆ ಎಲ್ಲ ಫೇಸನ್ನೂ ನ್ಯೂಟ್ರಲನ್ನೂ ಒಟ್ಟಿಗೇ ಕಡಿಯುವ ಸ್ವಿಚ್ ಇರಬೇಕು. ಹಳ್ಳಿಗಳಲ್ಲಿ ಪಂಪ್‌ಸೆಟ್ಟಿನ ಲೈನಿನಿಂದ ಒಂದು ಫೇಸ್ ಎಳೆದು ನ್ಯೂಟ್ರಲಿನ ಬದಲು ನೆಲಕ್ಕೆ ಹೊಡೆದ ಸಲಾಕೆಗೆ ಕಟ್ಟಿ ಬಲ್ಬು ಉರಿಸುವುದುಂಟು. ಆ ಸಲಾಕೆಯನ್ನು ಮುಟ್ಟಿದ ದನ, ಮಕ್ಕಳು ಸಾಯಬಹುದು. ಇದನ್ನು ಯಾವ ಕಾರಣಕ್ಕೂ ಮಾಡಬಾರದು.

ನ್ಯೂಟ್ರಲ್ ಪೂರ್ತಿ ಕಡಿಯುವ ಮುನ್ನ ಅನೇಕ ಸಲ ಸೂಚನೆ ಕೊಡುತ್ತದೆ. ಮಿಕ್ಸಿ ಹಾಕಿದಾಗ ದೀಪ ಮಂಕಾಗುವುದು ಸಹಜ. ಆದರೆ ಒಂದು ಕೋಣೆಯಲ್ಲಿ ಗೀಸರ್ ಹಾಕಿದಾಗ ಇನ್ನೊಂದು ಕೋಣೆಯ ದೀಪ ಹೆಚ್ಚು ಪ್ರಕಾಶಿಸಿದರೆ, ಫ್ಯಾನು ತಾನಾಗಿ ಜೋರಾದರೆ, ನಮ್ಮ ಮನೆ ಡಿಮ್ ಆದಾಗ ಪಕ್ಕದ ಮನೆಯ ದೀಪ ಕಣ್ಣು ಕುಕ್ಕಿದರೆ, ತಡಮಾಡದೆ ಮೇನ್ ಸ್ವಿಚ್ ಇಳಿಸಬೇಕು, ವಿದ್ಯುತ್ ಸಹಾಯವಾಣಿ 1912ಕ್ಕೆ ಕರೆಮಾಡಿ ಲೈನ್‌ಮನ್‌ಗೆ ತಿಳಿಸಬೇಕು. ಕರೆಮಾಡಿ ಆಮೇಲೆ ಸ್ವಿಚ್ ಇಳಿಸುವುದಲ್ಲ.

ಇದಕ್ಕೆ ಸರಿಯಾದ ಸಾಧನ ಓವರ್–ಅಂಡರ್ ವೋಲ್ಟೇಜ್ ಪ್ರೊಟೆಕ್ಟರ್. ಎಂಸಿಬಿಯ ಪಕ್ಕದಲ್ಲೇ ಕೂರುವ ಈ ರಿಲೇ ವೋಲ್ಟೇಜನ್ನು ಸದಾ ಅಳೆಯುತ್ತಾ, ಸುಮಾರು 270 ದಾಟಿದರೆ ಅಥವಾ 170ರ ಕೆಳಗಿಳಿದರೆ ಇಡೀ ಮನೆಯನ್ನು ಲೈನಿನಿಂದ ಬಿಡಿಸುತ್ತದೆ. ಮಟ್ಟ ಸರಿಹೋಗಿ ಒಂದಿಷ್ಟು ಹೊತ್ತು ಕಾದ ಮೇಲೆ ಜೋಡಿಸುತ್ತದೆ. ಮಿತಿಗಳನ್ನೂ ಕಾಯುವ ಹೊತ್ತನ್ನೂ ನಾವೇ ಹೊಂದಿಸಬಹುದು. ಫ್ರಿಜ್ ಮತ್ತು ಎಸಿ ಇರುವ ಮನೆಯಲ್ಲಿ ಮೂರು ನಿಮಿಷ ಕಾಯಿಸುವುದು ಒಳ್ಳೆಯದು. ಆಗ ತಾನೇ ನಿಂತ ಕಂಪ್ರೆಸರಿನಲ್ಲಿ ಅನಿಲದ ಒತ್ತಡ ಇಳಿದಿರುವುದಿಲ್ಲ, ಕೂಡಲೇ ಕರೆಂಟ್ ಬಂದರೆ ತಿರುಗಲಾರದೆ ಕಾಯುತ್ತದೆ. ಲೋಡ್‌ಶೆಡ್ಡಿಂಗ್ ಮುಗಿದು ಊರಿನ ಮೋಟಾರುಗಳೆಲ್ಲ ಒಮ್ಮೆಗೇ ಏಳುವ ಮೊದಲ ನಿಮಿಷದ ಏರಿಳಿತವನ್ನೂ ಈ ಕಾಯುವಿಕೆ ದಾಟಿಸುತ್ತದೆ. ಕರ್ನಾಟಕದ ಒಂದು ಮನೆಗೆ ಒಂದೇ ಒಂದು ರಕ್ಷಣಾ ಸಾಧನ ಕೊಳ್ಳಲು ಹಣವಿದೆ ಎಂದಾದರೆ ಮೊದಲು ಕೊಳ್ಳಬೇಕಾದದ್ದು ಇದನ್ನೇ ಎಂಬುದು ಈ ಲೇಖಕನ ಅಭಿಪ್ರಾಯ.

ಎಸ್‌ಪಿಡಿ ಮತ್ತು ಅದರ ಒಳಗಿನ ಬಿಲ್ಲೆ

ಕ್ಷಣಮಾತ್ರದ ಹೊಡೆತಕ್ಕೆ ರಿಲೇ ಸಾಲದು. ಅದರ ಸಂಪರ್ಕ ಬಿಡಲು ಬೇಕಾಗುವ ಹೊತ್ತಿನಲ್ಲಿ ಸರ್ಜ್ ನೂರು ಸಲ ಬಂದುಹೋಗಬಹುದು. ಇಲ್ಲಿ ಬೇಕಾದದ್ದು ಸರ್ಜ್ ಪ್ರೊಟೆಕ್ಷನ್ ಡಿವೈಸ್, ಅಂದರೆ ಎಸ್‌ಪಿಡಿ. ಇದರ ಹೃದಯ ಮೆಟಲ್ ಆಕ್ಸೈಡ್ ವೇರಿಸ್ಟರ್ ಎಂಬ ಬಿಲ್ಲೆ. ಸತುವಿನ ಆಕ್ಸೈಡಿನ ಪುಡಿಗೆ ಬಿಸ್ಮತ್ ಮೊದಲಾದ ಆಕ್ಸೈಡುಗಳನ್ನು ಸ್ವಲ್ಪ ಬೆರೆಸಿ, ಒತ್ತಿ, ಸುಟ್ಟು ಮಾಡುವ ಪಿಂಗಾಣಿ ಇದು. ಜಪಾನಿನ ಮತ್ಸುಶಿತ ಕಂಪನಿಯ ಮಿಚಿಯೊ ಮತ್ಸುಒಕ ಇದರ ಗುಣವನ್ನು ವಿವರಿಸಿದ ಪ್ರಬಂಧ ಪ್ರಕಟವಾದದ್ದು 1971ರಲ್ಲಿ. ಸಾಧಾರಣ ವೋಲ್ಟೇಜಿನಲ್ಲಿ ಈ ಬಿಲ್ಲೆ ಕರೆಂಟನ್ನು ಹರಿಯಗೊಡುವುದೇ ಇಲ್ಲ ಎನ್ನಬಹುದು. ಮಿತಿ ದಾಟಿದರೆ ಕ್ಷಣದಲ್ಲಿ ಬಾಗಿಲು ತೆರೆದು ಸಾವಿರಾರು ಆಂಪಿಯರನ್ನು ಪಕ್ಕಕ್ಕೆ ಹರಿಸಿಬಿಡುತ್ತದೆ. ಕೆರೆಯ ಕೋಡಿ ಇದ್ದಂತೆ: ಮಟ್ಟ ದಾಟಿದ ನೀರು ಮಾತ್ರ ಹೊರಗೆ, ಏರಿ ಭದ್ರ.

ಬಿಲ್ಲೆಗೆ ಆಯುಸ್ಸು ಉಂಟು. ಪ್ರತಿ ದೊಡ್ಡ ಹೊಡೆತವೂ ಅದನ್ನು ಸ್ವಲ್ಪ ಸವೆಸುತ್ತದೆ. ನ್ಯೂಟ್ರಲ್ ಕಡಿದು 364 ವೋಲ್ಟ್ ನಿಂತರಂತೂ ಅದು ನಿರಂತರವಾಗಿ ಹರಿಸುತ್ತಾ ಕಾದು ಹೊತ್ತಿಕೊಳ್ಳಬಹುದು. ಅದಕ್ಕೆಂದೇ ಒಳ್ಳೆಯ ಎಸ್‌ಪಿಡಿಯಲ್ಲಿ ಬಿಸಿಗೆ ಕಳಚಿಕೊಳ್ಳುವ ಜೋಡಣೆ, ಹೊರಗಿನಿಂದ ಕಾಣುವ ಪುಟ್ಟ ಕಿಂಡಿ ಇರುತ್ತವೆ. ಕಿಂಡಿ ಹಸಿರಿದ್ದರೆ ಸಾಧನ ಜೀವಂತ, ಕೆಂಪಾದರೆ ಬದಲಿಸಬೇಕು. ಮಳೆಗಾಲಕ್ಕೆ ಮುಂಚೆ ಒಮ್ಮೆ, ದೊಡ್ಡ ಸಿಡಿಲಿನ ಮರುದಿನ ಒಮ್ಮೆ ಕಿಂಡಿ ನೋಡಿದರೆ ಸಾಕು.

ಅಂತರರಾಷ್ಟ್ರೀಯ ಐಇಸಿ 61643 ಮಾನದಂಡ ಎಸ್‌ಪಿಡಿಗಳನ್ನು ಮೂರು ಟೈಪುಗಳಾಗಿ ವಿಂಗಡಿಸುತ್ತದೆ. ಟೈಪ್ 1 ನೇರ ಸಿಡಿಲಿನ ಕರೆಂಟಿನ ಒಂದು ಪಾಲನ್ನು ಹೊರಬಲ್ಲದು. ಕಟ್ಟಡದ ಮೇಲೆ ಮಿಂಚುಕೋಲು ನೆಟ್ಟಿದ್ದರೆ ಇದು ಬೇಕೇಬೇಕು, ಏಕೆಂದರೆ ಮಿಂಚುಕೋಲು ಕಾಯುವುದು ಗೋಡೆ–ಚಾವಣಿಯನ್ನೇ ಹೊರತು ಒಳಗಿನ ಟಿ.ವಿ.ಯನ್ನಲ್ಲ. ಟೈಪ್ 2 ಮನೆಯ ವಿತರಣಾ ಬೋರ್ಡಿನಲ್ಲಿ (ಡಿಬಿ), ಎಂಸಿಬಿಗಳ ಸಾಲಿನಲ್ಲಿ ಕೂರುತ್ತದೆ. ಟೈಪ್ 3 ಉಪಕರಣದ ಹತ್ತಿರ ಇರುವ ಕೊನೆಯ ಹಂತ. ಟೈಪ್ 2ರ ಬೆಂಬಲವಿಲ್ಲದೆ ಅದೊಂದನ್ನೇ ನಂಬುವಂತಿಲ್ಲ. ಕೊಳ್ಳುವಾಗ ಪೆಟ್ಟಿಗೆಯ ಮೇಲೆ ಎರಡು ಅಂಕಿ ಓದಬೇಕು. ನಿರಂತರ ತಾಳುವ ವೋಲ್ಟೇಜ್ 275ಕ್ಕಿಂತ 320 ಇರುವುದು ನಮ್ಮ ಲೈನುಗಳಿಗೆ ಕ್ಷೇಮ. ಹೊಡೆತದ ವೇಳೆ ಉಪಕರಣದತ್ತ ಬಿಡುವ ವೋಲ್ಟೇಜ್ 1.5 ಕಿಲೋವೋಲ್ಟ್ ಅಥವಾ ಅದಕ್ಕಿಂತ ಕಡಿಮೆ ಇರಬೇಕು. ಫ್ರಿಜ್, ವಾಷಿಂಗ್ ಮಷೀನಿನಂಥ ಮನೆಬಳಕೆಯ ಉಪಕರಣಗಳ ವರ್ಗಕ್ಕೆ ಐಇಸಿ ಗೊತ್ತುಮಾಡಿದ ತಾಳಿಕೆ 2.5 ಕಿಲೋವೋಲ್ಟ್.

ಇಷ್ಟೆಲ್ಲ ನೋಡಿ ಕೊಂಡ ಸಾಧನವನ್ನು ಜೋಡಿಸುವಾಗ ಮಾಡುವ ಒಂದು ಸಣ್ಣ ಅಸಡ್ಡೆ ಎಲ್ಲವನ್ನೂ ಕೆಡಿಸಬಲ್ಲದು. ಒಂದು ಮೀಟರ್ ನೇರ ತಂತಿಯ ಇಂಡಕ್ಟನ್ಸ್ ಸುಮಾರು ಒಂದು ಮೈಕ್ರೋಹೆನ್ರಿ. 10,000 ಆಂಪಿಯರ್ 8 ಮೈಕ್ರೋಸೆಕೆಂಡಿನಲ್ಲಿ ಏರಿದರೆ ಆ ಒಂದು ಮೀಟರಿನಲ್ಲೇ 1,250 ವೋಲ್ಟ್ ಹುಟ್ಟಿ, ಎಸ್‌ಪಿಡಿ ಬಿಡುವ ವೋಲ್ಟೇಜಿಗೆ ಕೂಡಿಕೊಳ್ಳುತ್ತದೆ. ಆದ್ದರಿಂದ ಲೈನಿನಿಂದ ಎಸ್‌ಪಿಡಿಗೆ, ಅಲ್ಲಿಂದ ಅರ್ಥ್ ಪಟ್ಟಿಗೆ ಹೋಗುವ ತಂತಿಗಳ ಒಟ್ಟು ಉದ್ದ ಅರ್ಧ ಮೀಟರ್ ಮೀರಬಾರದು. ನೋಡಲು ಚೆನ್ನಾಗಿರಲೆಂದು ತಂತಿಯನ್ನು ಸುರುಳಿ ಸುತ್ತಿ ಕಟ್ಟುವ ಎಲೆಕ್ಟ್ರಿಷಿಯನ್ನರಿಗೆ ಈ ಮಾತನ್ನು ಹೇಳಿ ಮಾಡಿಸಬೇಕು. ಮನೆಗೆ ಅದರದೇ ಅರ್ಥ್ ಗುಂಡಿ ಮಾತ್ರ ಇರುವ ಕಡೆ ಫೇಸ್–ನ್ಯೂಟ್ರಲ್ ನಡುವೆ ಬಿಲ್ಲೆ, ನ್ಯೂಟ್ರಲ್–ಅರ್ಥ್ ನಡುವೆ ಅನಿಲ ತುಂಬಿದ ನಳಿಕೆ ಇರುವ ಜೋಡಣೆ ತಕ್ಕದ್ದು; ಅದನ್ನು ಸೋರಿಕೆ ಕಂಡರೆ ಕರೆಂಟ್ ಕಡಿಯುವ ಆರ್‌ಸಿಸಿಬಿಗೆ ಮೊದಲೇ ಕೂರಿಸುತ್ತಾರೆ.

ನೆಲದ ಗುಂಡಿ

ಅರ್ಥಿಂಗ್ ಇಲ್ಲದ ಮನೆಯಲ್ಲಿ ಎಸ್‌ಪಿಡಿಗೆ ಅರ್ಧ ಕೆಲಸವೂ ಆಗದು. ಭಾರತೀಯ ಮಾನಕ ಐಎಸ್ 3043 ಅರ್ಥಿಂಗ್ ವಿಧಾನಗಳನ್ನು ವಿವರಿಸುತ್ತದೆ. ಪೈಪು ಅಥವಾ ತಗಡನ್ನು ಹೂತು ಸುತ್ತ ಇದ್ದಿಲು–ಉಪ್ಪು ತುಂಬುವುದು ನಮ್ಮಲ್ಲಿ ಬಳಕೆಯಲ್ಲಿರುವ ಕ್ರಮ. ಕರಾವಳಿಯ ಮುರಕಲ್ಲು, ಬಯಲುಸೀಮೆಯ ಗಟ್ಟಿ ಬಂಡೆನೆಲದಲ್ಲಿ ಬೇಸಗೆಯ ಹೊತ್ತಿಗೆ ಗುಂಡಿ ಒಣಗಿ ರೋಧ ಏರುತ್ತದೆ, ಸಿಡಿಲಿನ ಕಾಲ ಬರುವುದೂ ಆಗಲೇ. ಮಾರ್ಚಿನಿಂದಲೇ ಗುಂಡಿಗೆ ಆಗಾಗ ನೀರು ಹಾಕುವುದು, ಒಂದರ ಬದಲು ಎರಡು ಗುಂಡಿ ತೋಡಿ ಜೋಡಿಸುವುದು ಪ್ರಯೋಜನಕಾರಿ. ಉಪ್ಪು ಕಬ್ಬಿಣವನ್ನು ತಿನ್ನುವುದರಿಂದ ಕೆಲವು ವರ್ಷಗಳಿಗೊಮ್ಮೆ ಕ್ಲಾಂಪ್ ಬಿಚ್ಚಿ ನೋಡಬೇಕು. ಕಂಪ್ಯೂಟರಿಗೆ ಬೇರೆ, ಮನೆಗೆ ಬೇರೆ, ಮಿಂಚುಕೋಲಿಗೆ ಬೇರೆ ಎಂದು ಒಂದಕ್ಕೊಂದು ಸೇರದ ಅರ್ಥ್‌ಗಳನ್ನು ಮಾಡುವುದು ತಪ್ಪು. ಸಿಡಿಲಿನ ಕ್ಷಣದಲ್ಲಿ ಅವುಗಳ ನಡುವೆಯೇ ಸಾವಿರಾರು ವೋಲ್ಟಿನ ಅಂತರ ಏರ್ಪಟ್ಟು, ಅದನ್ನು ಉಪಕರಣವೇ ಭರಿಸಬೇಕಾಗುತ್ತದೆ. ಗುಂಡಿಗಳು ಎಷ್ಟಿದ್ದರೂ ಎಲ್ಲವನ್ನೂ ದಪ್ಪ ತಂತಿಯಿಂದ ಒಂದೇ ಪಟ್ಟಿಗೆ ಸೇರಿಸಬೇಕು. ಡಿಟಿಎಚ್ ಬುಟ್ಟಿಯ ಕಂಬವೂ ಅದಕ್ಕೇ ಸೇರಬೇಕು.

ಇತರ ಸಾಧನಗಳು

ಎಂಸಿಬಿ ನೋಡುವುದು ಕರೆಂಟಿನ ಪ್ರಮಾಣವನ್ನು, ಆರ್‌ಸಿಸಿಬಿ ನೋಡುವುದು ಸೋರಿಕೆಯನ್ನು. ಎರಡೂ ವೋಲ್ಟೇಜ್ ಏರಿಕೆಯನ್ನು ತಡೆಯುವುದಿಲ್ಲ, ಆದರೂ ಬೆಂಕಿಯಿಂದ, ಶಾಕ್‌ನಿಂದ ಪ್ರಾಣ ಉಳಿಸಲು ಅವು ಬೇಕೇಬೇಕು. ಸ್ಟೆಬಿಲೈಜರ್ ನಿಧಾನದ ಏರಿಳಿತಕ್ಕೆ, ಅದರಲ್ಲೂ ಲೋ ವೋಲ್ಟೇಜಿಗೆ, ಒಳ್ಳೆಯ ಔಷಧಿ, ಸಿಡಿಲಿನ ಹೊಡೆತಕ್ಕಲ್ಲ. ಮನೆಯ ಬ್ಯಾಟರಿ ಇನ್ವರ್ಟರ್ ಕರೆಂಟ್ ಇರುವಾಗ ಲೈನನ್ನು ಹಾಗೇ ಒಳಗೆ ಬಿಡುತ್ತದೆ. ಒಳಬರುವ ಎಸಿಯನ್ನು ಸದಾ ಡಿಸಿಯಾಗಿಸಿ ಮತ್ತೆ ಎಸಿಯಾಗಿ ಕೊಡುವ ಆನ್‌ಲೈನ್ ಯುಪಿಎಸ್ ಇವೆಲ್ಲಕ್ಕಿಂತ ಮೇಲು, ಬೆಲೆಯೂ ಹಾಗೇ.

ಸ್ಪೈಕ್ ಬಸ್ಟರ್ ಎಂದು ಮಾರುವ ಉದ್ದನೆಯ ಪ್ಲಗ್ ಪೆಟ್ಟಿಗೆಗಳಲ್ಲಿ ಕೆಲವು ಬರಿಯ ಎಕ್ಸ್‌ಟೆನ್ಷನ್ ಬಾಕ್ಸುಗಳು. ಒಳಗೆ ಬಿಲ್ಲೆಯೇ ಇರುವುದಿಲ್ಲ. ಎಷ್ಟು ಜೂಲ್ ಶಕ್ತಿ ತಾಳುತ್ತದೆ, ಎಷ್ಟು ವೋಲ್ಟಿಗೆ ಹಿಡಿದು ನಿಲ್ಲಿಸುತ್ತದೆ ಎಂಬ ಅಂಕಿಗಳನ್ನು ಹಾಕಿರದ ಪೆಟ್ಟಿಗೆಯನ್ನು ರಕ್ಷಣೆಯ ಲೆಕ್ಕಕ್ಕೆ ಹಿಡಿಯಬಾರದು. ಬಿಲ್ಲೆ ಸತ್ತ ಮೇಲೂ ಪ್ಲಗ್ಗಿಗೆ ಕರೆಂಟ್ ಬರುತ್ತಲೇ ಇರುವುದರಿಂದ ರಕ್ಷಣೆಯ ದೀಪ ಪ್ರತ್ಯೇಕವಾಗಿ ಇರುವುದನ್ನು ಆರಿಸಬೇಕು. ಮೂರು ಪಿನ್ನಿನ ಪ್ಲಗ್ಗಿಗೆ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದರೆ ಅರ್ಥ್ ಕಡಿದಂತೆಯೇ.

ಚಾವಣಿ ಸೌರಫಲಕಗಳ ಡಿಸಿ ತಂತಿ ಆಕಾಶಕ್ಕೆ ತೆರೆದಿರುವ ಹೊಸ ಬಾಗಿಲು. ಫಲಕದ ಕಡೆಗೆ ಡಿಸಿಗೆಂದೇ ಮಾಡಿದ ಎಸ್‌ಪಿಡಿ, ಮನೆಯ ಕಡೆಗೆ ಎಸಿಯದು, ಎರಡೂ ಬೇಕು. ಎಸಿ ಸಾಧನವನ್ನು ಡಿಸಿ ಕಡೆ ಹಾಕಿದರೆ ಕಿಡಿ ಆರದೆ ಬೆಂಕಿಯಾಗುವ ಅಪಾಯವಿದೆ.

ಪರಿಹಾರ

ಲೈನಿನ ದೋಷದಿಂದ ಉಪಕರಣ ಸುಟ್ಟರೆ ಗ್ರಾಹಕ ಕೈಕಟ್ಟಿ ಕೂರಬೇಕಾಗಿಲ್ಲ. 2003ರ ವಿದ್ಯುತ್ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ಪ್ರತಿ ವಿತರಣಾ ಕಂಪನಿಗೂ ಗ್ರಾಹಕರ ಕುಂದುಕೊರತೆ ನಿವಾರಣಾ ವೇದಿಕೆ ಇರಬೇಕು. ಅಲ್ಲಿ ಸಮಾಧಾನವಾಗದಿದ್ದರೆ ವಿದ್ಯುತ್ ಒಂಬುಡ್ಸ್‌ಮನ್ ಬಳಿ ಹೋಗಬಹುದು. ವಾದ ನಿಲ್ಲುವುದು ದಾಖಲೆಯ ಮೇಲೆ. 1912 ಸಹಾಯವಾಣಿಗೆ ದೂರು ಕೊಟ್ಟಾಗ ಸಿಗುವ ಸಂಖ್ಯೆ, ಅದೇ ಹೊತ್ತಿಗೆ ನಷ್ಟವಾದ ನೆರೆಯವರ ಸಹಿ ಇರುವ ಲಿಖಿತ ದೂರು, ವಿತರಣಾ ಕಂಪನಿಯ ಸೆಕ್ಷನ್ ಆಫೀಸಿನಿಂದ ಪಡೆದ ಸ್ವೀಕೃತಿ, ಕಂಬದ ಮೇಲೆ ಕಡಿದ ತಂತಿಯ ಫೋಟೊ, ರಿಪೇರಿಯವರು ಕಾರಣ ಬರೆದುಕೊಟ್ಟ ಬಿಲ್ಲು ಇವಿಷ್ಟನ್ನು ಕೂಡಿಸಿಡಬೇಕು. ಮನೆಯ ವಿಮೆ ಇದ್ದರೆ ಸಿಡಿಲಿನ ನಷ್ಟ, ಉಪಕರಣದೊಳಗಿನ ವಿದ್ಯುತ್ ದೋಷ ಇವೆರಡನ್ನು ಪಾಲಿಸಿಯಲ್ಲಿ ಬೇರೆ ಬೇರೆ ಷರತ್ತಿನ ಕೆಳಗೆ ಇಟ್ಟಿರಬಹುದು, ಅದನ್ನು ಮೊದಲೇ ಓದಿಕೊಳ್ಳಬೇಕು. ಸರ್ವೇಯರ್ ಬಂದು ನೋಡುವವರೆಗೆ ಸುಟ್ಟ ಬೋರ್ಡನ್ನು ಗುಜರಿಗೆ ಹಾಕಬಾರದು, ರಿಪೇರಿಯವರಿಗೂ ಬಿಟ್ಟುಕೊಡಬಾರದು.